ಮನೆಗೆ ಬಾರದ ಮಗ

ನಾನು ಪಾಠ ಮಾಡುವ ಕಾಲೇಜಿನಲ್ಲಿ ಹೋದ ವರ್ಷ 'ಚೋಮನ ದುಡಿ' ಸಿನಿಮಾ ತೋರಿಸಿದೆವು. ಮುಗಿದ ಮೇಲೆ, ಚೋಮನ ಭೂಮಿಯ ಹಂಬಲ, ದುಡಿಯ ಸಾಂಕೇತಿಕತೆ ಅಂತ ಎಂ.ಎ.ಯಲ್ಲಿ ಕಲಿತದ್ದನ್ನೇ ಒಪ್ಪಿಸುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಎದ್ದು ನಿಂತ. ಎಡಕುಮೇರಿ ಕಡೆಯ ಕಾಫಿ ತೋಟವೊಂದರ ಲೈನ್ ಮನೆಯ ಹುಡುಗ. "ಸಾರ್, ತೋಟಕ್ಕೆ ಹೋಗಿ ಕ್ರಿಶ್ಚಿಯನ್ ಹುಡುಗೀನ ಮದ್ವೆ ಆದ್ನಲ್ಲ, ಆ ಮಗ ಆಮೇಲೆ ಏನಾದ?" ಅಂದ. ನನ್ನಲ್ಲಿ ಉತ್ತರವಿರಲಿಲ್ಲ. ನಾನು ಓದಿಕೊಂಡ ವಿಮರ್ಶೆಗಳಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ. ಅಸ್ಪೃಶ್ಯನಾದ ಚೋಮ ಬೇಸಾಯ ಮಾಡುವಂತಿಲ್ಲ. ಅವನ ಸಾಲ ತೀರಿಸಲು ಚನಿಯ, ಗುರುವ ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಕಾಯಿಲೆಯಿಂದ ಸಾಯುತ್ತಾನೆ, ಇನ್ನೊಬ್ಬ ಮದುವೆಯಾಗಿ ಮತ ಬಿಡುತ್ತಾನೆ. ಕಿರಿಯ ಮಗ ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದವನೆಂದು ಯಾರೂ ಎತ್ತುವುದಿಲ್ಲ. ಸವರ್ಣ ಲೇಖಕರೊಬ್ಬರು ಆ ಕಾಲಕ್ಕೆ ಇದನ್ನು ಬರೆದದ್ದು ಸಣ್ಣ ಮಾತಲ್ಲ. ಆದರೆ ಇಲ್ಲಿ ಮಕ್ಕಳೆಲ್ಲ ಅಪ್ಪನ ಎದೆಗೆ ಬೀಳುವ ಪೆಟ್ಟುಗಳಾಗಿಯೇ ಬರುತ್ತಾರೆ. ಸಾವೂ ಒಂದು ನಷ್ಟ, ಮದುವೆಯೂ ಒಂದು ನಷ್ಟ! ಮುಳುಗುವ ಹುಡುಗನನ್ನು ಮುಟ್ಟದ ಊರನ್ನು ಬಿಟ್ಟು ಹೋದವನು ಕಳೆದುಹೋದದ್ದು ಯಾರ ಪಾಲಿಗೆ? ಅಪ್ಪನ ಹೊಸ್ತಿಲಲ್ಲಿ ನಿಂತರೆ ಅವನು ಕೈತಪ್ಪಿದ ಮಗ, ಲೈನ್ ಮನೆಯಿಂದ ನೋಡಿದರೆ ಬದುಕಿಕೊಂಡವನು.

ಹಾಗಂತ ತೋಟವನ್ನು ಬಿಡುಗಡೆಯ ಜಾಗ ಅನ್ನುವಂತಿಲ್ಲ. ಗಂಡುಮಕ್ಕಳಿಂದ ತೀರದ ಸಾಲವನ್ನು ಅಲ್ಲಿ ಬೆಳ್ಳಿ ತನ್ನ ದೇಹದಿಂದ ತೀರಿಸಬೇಕಾಗುತ್ತದೆ. ಮಗನ ದಾರಿಯ ಬಗ್ಗೆ ಮಾತಾಡುವವರು ಮಗಳು ಕೊಟ್ಟ ಬೆಲೆಯನ್ನು ಮರೆಯಬಾರದು.

ಬಿ.ವಿ. ಕಾರಂತರ ಸಿನಿಮಾ 1975ರದು. ಸ್ವರ್ಣಕಮಲ ಪಡೆಯಿತು. ಚೋಮನಾಗಿ ವಾಸುದೇವರಾವ್ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಅವರ ಮುಖ ಮರೆಯುವಂಥದ್ದಲ್ಲ. ಆದರೆ ಅದೇ 1975ರಲ್ಲೇ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಿತ್ತು. ಬೂಸಾ ಚಳವಳಿ ನಡೆದು ಎರಡು ವರ್ಷವಾಗಿತ್ತು. ಕೇರಿಯ ಹುಡುಗರು ಬೀದಿಯಲ್ಲಿ ಗಂಟಲು ತೆರೆದಿದ್ದ ಹೊತ್ತಿನಲ್ಲಿ ತೆರೆಯ ಮೇಲೆ ಚೋಮನ ಮಕ್ಕಳು 1933ರ ಜಾಗದಲ್ಲೇ ನಿಂತಿದ್ದರು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಚೀನಾದ ಲು ಶುನ್ 1921ರಲ್ಲಿ ಬರೆದ 'ಹುಟ್ಟೂರು' ಕತೆಯಲ್ಲಿ ರುನ್‌ತು ಎಂಬ ಆಳಿನ ಮಗ ಇದ್ದಾನೆ. ಹುಡುಗನಾಗಿದ್ದಾಗ ಹಕ್ಕಿ ಹಿಡಿಯುವುದು, ಕಲ್ಲಂಗಡಿ ಹೊಲ ಕಾಯುವುದು ಅಂತ ಧಣಿಯ ಮಗನಿಗೆ ಬಾಯ್ತುಂಬ ಹೇಳಿದವನು, ದೊಡ್ಡವನಾಗಿ ಎದುರಾದಾಗ ಅದೇ ಗೆಳೆಯನನ್ನು ಒಡೆಯ ಎಂದು ಕರೆಯುತ್ತಾನೆ. ಲು ಶುನ್ ಪ್ರಾಮಾಣಿಕ, ನಡುವೆ ಎದ್ದ ಗೋಡೆಯನ್ನು ಮುಚ್ಚಿಡುವುದಿಲ್ಲ. ಆದರೂ ಕತೆ ಹೇಳುವವನು ಧಣಿಯ ಮಗನೇ. ರುನ್‌ತು ಮನೆಗೆ ಹೋಗಿ ಏನಂದುಕೊಂಡ ಅನ್ನುವುದು ನಮಗೆ ಸಿಗುವುದಿಲ್ಲ.

ಮಾತು ಮಗನ ಬಾಯಿಗೇ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ದಲಿಂಗಯ್ಯನವರ 'ಊರುಕೇರಿ' ನೋಡಬೇಕು. ಅಲ್ಲಿ ಹಸಿವು, ಅವಮಾನ ಎಲ್ಲ ಇವೆ. 'ಊರುಕೇರಿ'ಯ ಹುಡುಗ ನಗುತ್ತಾನೆ, ನಗಿಸುತ್ತಾನೆ ಕೂಡ. ಅನುಕಂಪಕ್ಕೆ ಈ ನಗು ದಕ್ಕುವುದಿಲ್ಲ. ಬಲಿಯಾಗಿ ಮಾತ್ರ ನಮ್ಮನ್ನು ಬಲ್ಲ ವಿಮರ್ಶೆಗೆ ನಾವು ಬದುಕಿದ್ದೇ ಗೊತ್ತಿಲ್ಲ.

"ನೀನೇ ಬರಿ, ಅವನು ಏನಾದ ಅಂತ" ಎಂದು ಆ ಹುಡುಗನಿಗೆ ಹೇಳಿದ್ದೆ. ವಾರ ಬಿಟ್ಟು ಎರಡು ಪುಟ ತಂದುಕೊಟ್ಟ. ಅದರಲ್ಲಿ ದುಡಿ ಇಲ್ಲ. ವಾರದ ಬಟವಾಡೆ ಇದೆ, ಮಗಳನ್ನು ಸ್ಕೂಲಿಗೆ ಸೇರಿಸಿದ ದಿನ ಇದೆ, ಅಪ್ಪನಿಗೆ ಕಳಿಸಬೇಕೆಂದು ಎತ್ತಿಟ್ಟು ಕೊನೆಗೂ ಕಳಿಸದೇಹೋದ ದುಡ್ಡಿದೆ. ಇದನ್ನು 'ಚೋಮನ ದುಡಿ'ಯ ವಿಮರ್ಶೆ ಎಂದು ಕರೆಯಲು ನನಗೆ ಯಾವ ಅಡ್ಡಿಯೂ ಕಾಣಲಿಲ್ಲ.