ಒಗರಿಗೆ ಇಂಗ್ಲಿಷಲ್ಲಿ ಏನಂತಾರೆ?

ಆರು ತಿಂಗಳಿಗೆ ಅಂತ ಬಂದ ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಅನ್ನೋದು ಇಲ್ಲಿನ ಕನ್ನಡಿಗರೆಲ್ಲರ ತಲೆನೋವು. ನಮ್ಮದೂ ಗೋಲ್ಡನ್ ಗೇಟ್ ಆಯ್ತು, ಲಿವರ್‌ಮೋರ್ ದೇವಸ್ಥಾನ ಮೂರು ಸಲ ಆಯ್ತು. ಅಪ್ಪ ದೇವನಹಳ್ಳಿ ಕಡೆ ಮೂವತ್ತು ವರ್ಷ ದ್ರಾಕ್ಷಿ ಬೆಳೆದವರು. ಇವರಿಗೆ ಒಂದು ವೈನರಿ ತೋರಿಸೋಣ ಅನ್ನಿಸಿತು. ನಾಪಾ ದೂರ. ಹಾಗಾಗಿ ಒಂದು ಶನಿವಾರ ಅಲಮೀಡಾಕ್ಕೆ ಹೊರಟೆವು. ಅಮ್ಮ "ಹೆಂಡದಂಗಡಿಗೆ ನಾನು ಬರಲ್ಲ" ಅಂತ ಮನೆಯಲ್ಲೇ ಉಳಿದರು.

ಅಲಮೀಡಾದಲ್ಲಿ ನೌಕಾಪಡೆಯ ವಿಮಾನ ನೆಲೆ ಇತ್ತು. 1997ರಲ್ಲಿ ಅದು ಮುಚ್ಚಿತು. ವಿಮಾನ ನಿಲ್ಲಿಸುತ್ತಿದ್ದ ಆ ದೈತ್ಯ ಶೆಡ್ಡುಗಳಿಗೆ ಆಮೇಲೆ ವೈನ್ ಮಾಡುವವರು, ಭಟ್ಟಿ ಇಳಿಸುವವರು ಬಂದು ಸೇರಿಕೊಂಡರು. ಸಿಟಿ ವೈನರಿ ಅಂದರೆ ಇದೇ. ಸುತ್ತ ಕಾಂಕ್ರೀಟು, ಆಚೆ ಸಮುದ್ರ. ಒಂದೇ ಒಂದು ಬಳ್ಳಿ ಇಲ್ಲ.

"ತೋಟ ಎಲ್ಲೋ?" ಅಂದರು ಅಪ್ಪ.

"ಇಲ್ಲಿಲ್ಲಪ್ಪ. ಹಣ್ಣು ಲೋಡೈ, ಸೊನೋಮಾ ಕಡೆಯಿಂದ ಲಾರೀಲಿ ಬರುತ್ತೆ."

"ಹಂಗಾದ್ರೆ ಇದು ಮಿಲ್ಲು ಅನ್ನು."

ಹೌದು, ಮಿಲ್ಲೇ. ನನಗೆ ಈ ಜಾಗ ಮೆಚ್ಚುಗೆಯಾದದ್ದೂ ಅದಕ್ಕೇ. ನಾಪಾದಲ್ಲಿ ಅರಮನೆ, ಗುಲಾಬಿ ಸಾಲು ತೋರಿಸಿ ಕೆಲಸವನ್ನು ಹಿಂದಕ್ಕೆ ಬಚ್ಚಿಡುತ್ತಾರೆ. ಇಲ್ಲಿ ಗಾಜಿನಾಚೆ ಎಲ್ಲವೂ ಕಾಣುತ್ತದೆ: ಸ್ಟೀಲ್ ಟ್ಯಾಂಕು, ಒದ್ದೆ ನೆಲ, ಪೈಪು, ಫೋರ್ಕ್‌ಲಿಫ್ಟು, ಸಾಲಾಗಿ ಪೇರಿಸಿದ ಓಕ್ ಪೀಪಾಯಿ. ಒಂದರಲ್ಲಿ 225 ಲೀಟರ್, ಅಂದರೆ ಸುಮಾರು 300 ಬಾಟಲಿ. ಅಪ್ಪ ಒಂದು ಸಾಲು ಎಣಿಸಿ ಮನಸ್ಸಲ್ಲೇ ಗುಣಿಸಿಕೊಂಡರು. ಸೆಪ್ಟೆಂಬರ್ ಆದ್ದರಿಂದ ಹಿಂದಿನ ಬಾಗಿಲ ಹತ್ತಿರ ಹಣ್ಣು ತುಂಬಿದ ದೊಡ್ಡ ತೊಟ್ಟಿಗಳೂ ಇದ್ದವು.

ರುಚಿ ನೋಡುವ ಕಟ್ಟೆ ಹತ್ತಿರ ಹೋದ ಮೇಲೆ ಕಥೆ ಬೇರೆ. ತಲೆಗೆ 25 ಡಾಲರ್, ಐದು ಬಗೆ, ಬಗೆಗೆ ಎರಡು ಗುಟುಕು. ಬೇಡದವರಿಗೆ ಉಗಿಯೋಕೆ ಒಂದು ಪಾತ್ರೆ. ಅಪ್ಪ "ಕುಡಿಯಲ್ಲ, ರುಚಿ ನೋಡ್ತೀನಿ ಅಷ್ಟೇ" ಅಂತ ಮೊದಲೇ ಷರತ್ತು ಹಾಕಿದ್ದರು. ವೈನ್ ಸುರಿಯುತ್ತಿದ್ದ ಹುಡುಗ ಒಳ್ಳೆಯವನು, ಚುರುಕು. "ಇದು ಬೋರ್ಡೋ ಶೈಲಿಯದು" ಅಂದ. ಅಪ್ಪನಿಗೆ ಇಡೀ ವಾಕ್ಯದಲ್ಲಿ ಗೊತ್ತಾದ ಪದ ಅದೊಂದೇ.

"ಬೋರ್ಡೋ ಹೊಡೆದವ್ರಾ? ಎಷ್ಟು ಸಲ?"

ನಮ್ಮೂರಲ್ಲಿ ಬೋರ್ಡೋ ಅಂದರೆ ಮೈಲುತುತ್ತ ಸುಣ್ಣ ಕಲಸಿ ಬಳ್ಳಿಗೆ ಹೊಡೆಯುವ ಔಷಧಿ. ಫ್ರಾನ್ಸಿನ ಅದೇ ಬೋರ್ಡೋ ಸೀಮೆಯ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ್ದು. ನಾನು ನಕ್ಕೆ. ಆಮೇಲೆ ಯೋಚಿಸಿದರೆ ನಗುವಂಥದ್ದೇನೂ ಇರಲಿಲ್ಲ. ಆ ಊರಿನ ಹೆಸರನ್ನು ಅಪ್ಪ ಬೆನ್ನ ಮೇಲೆ ಹೊತ್ತು ತಿರುಗಿದ್ದಾರೆ, ನಾನು ಬಾಟಲಿ ಮೇಲೆ ಓದಿದ್ದೇನೆ.

ಮುಂದಿನದು ಜಿನ್‌ಫಂಡೆಲ್. ಹುಡುಗ "ಬ್ಲ್ಯಾಕ್‌ಬೆರ್ರಿ, ಲೆದರ್, ಸಿಗಾರ್ ಬಾಕ್ಸ್ ಸಿಗುತ್ತಾ ನೋಡಿ" ಅಂದ. ನಾನು ಎಂದಿನಂತೆ ತಲೆ ಆಡಿಸಿದೆ. ನಿಜ ಹೇಳ್ತೀನಿ, ಹದಿನಾಲ್ಕು ವರ್ಷದಿಂದ ಹೀಗೇ ಆಡಿಸ್ತಾ ಇದೀನಿ, ಸಿಗಾರ್ ಡಬ್ಬಿಯನ್ನು ಇವತ್ತಿಗೂ ಮೂಸಿಲ್ಲ. ಅಪ್ಪ ಬಾಯಲ್ಲಿ ಹೊರಳಿಸಿ, ಉಗಿದು, "ನೇರಳೆ ಹಣ್ಣು. ಒಗರು ಜಾಸ್ತಿ ಆಯ್ತು" ಅಂದರು. ಅಷ್ಟೇ. ವೈನಿನವರು ಟ್ಯಾನಿನ್ ಅಂತ ಅರ್ಧ ಗಂಟೆ ವಿವರಿಸುವುದಕ್ಕೆ ನಮ್ಮಲ್ಲಿ ಮಕ್ಕಳೂ ಆಡುವ ಪದ ಇದೆ. ಇಂಗ್ಲಿಷಿನಲ್ಲಿ ಆಸ್ಟ್ರಿಂಜೆಂಟ್ ಇದೆ ನಿಜ, ಆದರೆ ಅಡುಗೆಮನೆಯಲ್ಲಿ ಯಾರೂ ಅದನ್ನು ಆಡುವುದಿಲ್ಲ.

ಹುಮ್ಮಸ್ಸಿನಲ್ಲಿ ನಾನು, ಇವರು ಬೆಂಗಳೂರು ಬ್ಲೂ ಬೆಳೆದವರು ಅಂದೆ. ಅದು ಲಬ್ರಸ್ಕಾ ಜಾತಿಯದು ಅಂತಾನೂ ಸೇರಿಸಿದೆ. ಹುಡುಗ ಮೂಗು ಸ್ವಲ್ಪ ಸೊಟ್ಟ ಮಾಡಿ "ಓ, ಫಾಕ್ಸಿ" ಅಂದ.

"ಏನಂದ?" ಅಂತ ಅಪ್ಪ ಕೇಳಿದರು. ನಾನು ಅನುವಾದ ಮಾಡಲಿಲ್ಲ. ನರಿ ವಾಸನೆ ಅಂತ ಹೇಗೆ ಹೇಳಲಿ? ಆ ಹಣ್ಣಿನ ದುಡ್ಡಲ್ಲೇ ನಾನು ಇಂಜಿನಿಯರಿಂಗ್ ಓದಿದ್ದು.

ಇದು ಆ ಹುಡುಗನ ತಪ್ಪಲ್ಲ, ಅವನಿಗೆ ಕಲಿಸಿದ ಪಾಠದ ತಪ್ಪು. ಲಬ್ರಸ್ಕಾ ಅಮೆರಿಕದ ಪೂರ್ವ ಭಾಗದ ಕಾಡುಬಳ್ಳಿ, ಈ ನೆಲದ್ದೇ ಮಗು. ಇಲ್ಲಿನ ಮಕ್ಕಳು ಕುಡಿಯುವ ಕಾಂಕರ್ಡ್ ಜ್ಯೂಸಿನ ಘಮವೂ ಅದೇ. ಇವರು ಎದೆಗೊತ್ತಿಕೊಂಡಿರುವ ಜಿನ್‌ಫಂಡೆಲ್ಲೋ, ಕ್ರೊಯೇಷಿಯಾದ ಕರಾವಳಿಯ ಹಳೇ ತಳಿ ಅಂತ 2001ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ತಿಳಿಯಿತು. ಹೊರಗಿನಿಂದ ಬಂದದ್ದಕ್ಕೆ ಪೀಠ, ಮನೆಯದಕ್ಕೆ ನರಿ ಪಟ್ಟ!

ಡೇವಿಸ್ ವಿಶ್ವವಿದ್ಯಾಲಯದ ಆನ್ ನೋಬಲ್ 1980ರ ದಶಕದಲ್ಲಿ ವೈನಿನ ಪರಿಮಳಗಳಿಗೆ ಒಂದು ಚಕ್ರ ಮಾಡಿದರು, ಎಲ್ಲರೂ ಒಂದೇ ಪದ ಬಳಸಲಿ ಅಂತ. ಅವರು ಜೊತೆಗೇ ಹೇಳಿಕೊಟ್ಟ ಉಪಾಯ ಒಂದಿದೆ. ಸಾದಾ ವೈನಿಗೆ ಆಯಾ ಹಣ್ಣನ್ನೋ ಮಸಾಲೆಯನ್ನೋ ಚೂರು ಹಾಕಿ ಮೂಸಿ ಕಲಿಯಿರಿ ಅನ್ನೋದು. ಈ ಕಟ್ಟೆಯ ಮೇಲೆ ಪದಗಳು ಮಾತ್ರ ಬಂದಿವೆ, ಹಣ್ಣು ಬಂದಿಲ್ಲ. ನಾಲ್ಕು ಲೋಟದಲ್ಲಿ ನಾಲ್ಕು ಹಣ್ಣು ಇಟ್ಟು "ನಿಮಗೆ ಏನು ನೆನಪಾಗುತ್ತೆ?" ಅಂತ ಕೇಳಿದ್ದರೆ, ಅವತ್ತು ಅಲ್ಲಿದ್ದವರಲ್ಲಿ ಅಪ್ಪನಷ್ಟು ಮಾತಾಡುವವರು ಇನ್ನೊಬ್ಬರು ಇರುತ್ತಿರಲಿಲ್ಲ. ಕೆಲಸವನ್ನು ಇಷ್ಟು ಬಿಚ್ಚಿ ತೋರಿಸುವ ಜಾಗ, ರುಚಿಯನ್ನು ಮಾತ್ರ ಮೊದಲೇ ಬರೆದು ಕೈಗೆ ಕೊಡುತ್ತದೆ.

ಆದರೂ ಹೋಗಿ ಬನ್ನಿ, ಸುಗ್ಗಿಯ ಕಾಲದಲ್ಲೇ ಹೋಗಿ. ಹೊರಡುವಾಗ ಹಿಂದಿನ ಬಾಗಿಲಲ್ಲಿ ನೆಲ ತೊಳೆಯುತ್ತಿದ್ದವನು ಅಪ್ಪ ನೋಡುತ್ತಿದ್ದುದು ಕಂಡು ಒಂದು ಗೊಂಚಲು ಎತ್ತಿ ಕೊಟ್ಟ. ಅಪ್ಪ ಒಂದು ಹಣ್ಣು ಕಚ್ಚಿ, ಬೀಜವನ್ನು ಅಂಗೈಗೆ ಉಗುಳಿಕೊಂಡು ಬಿಸಿಲಿಗೆ ಹಿಡಿದರು.

"ಬೀಜ ಕಂದು ಬಣ್ಣ ಬಂದೈತೆ ನೋಡು. ಬೆಳೆದವನು ಅವಸರ ಮಾಡಿಲ್ಲ" ಅಂದರು.

ಒಂದು ಗಂಟೆಯಲ್ಲಿ ಹಣ್ಣು ಬೆಳೆದವನ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ.