ಬೆಂಬೊ: ಸೀಸದಿಂದ ಕಂಪ್ಯೂಟರಿಗೆ ಬಂದ ಅಕ್ಷರ

ಪುಸ್ತಕ ವಿಮರ್ಶೆಗಳಲ್ಲಿ ಕಥೆ, ಪಾತ್ರ, ಭಾಷೆ ಎಲ್ಲದರ ಮಾತೂ ಬರುತ್ತದೆ; ಅಚ್ಚಾದ ಅಕ್ಷರದ ಮಾತು ಬರುವುದು ಅಪರೂಪ. ಮುನ್ನೂರು ಪುಟ ಓದಿ ಮುಗಿಸುವ ತನಕ ನಮ್ಮ ಕಣ್ಣಿಗೆ ಕೆಲಸ ಕೊಡುವುದು ಮಾತ್ರ ಅದೇ. ಆದ್ದರಿಂದ ಈ ಸಲ ಒಂದು ಫಾಂಟನ್ನೇ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ಇಂಗ್ಲಿಷ್ ಪುಸ್ತಕಗಳಲ್ಲಿ ನಮ್ಮಲ್ಲಿ ಹಲವರು ಹೆಸರು ತಿಳಿಯದೆಯೇ ಓದಿರಬಹುದಾದ ‘ಬೆಂಬೊ’.

ಇದರ ತವರು ವೆನಿಸ್. ಪಿಯೆತ್ರೊ ಬೆಂಬೊ ಎಂಬ ತರುಣ ವಿದ್ವಾಂಸ ಏಟ್ನಾ ಜ್ವಾಲಾಮುಖಿ ಹತ್ತಿಬಂದು ಬರೆದ ‘ದೆ ಏಟ್ನಾ’ ಎಂಬ ಪುಟ್ಟ ಲ್ಯಾಟಿನ್ ಪುಸ್ತಕವನ್ನು ಆಲ್ಡಸ್ ಮನುಟಿಯಸ್ 1496ರಲ್ಲಿ ಅಚ್ಚು ಹಾಕಿದ. ಅದಕ್ಕೆ ಅಕ್ಷರ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. 1929ರಲ್ಲಿ ಇಂಗ್ಲೆಂಡಿನ ಮಾನೊಟೈಪ್ ಕಂಪನಿ ಸ್ಟ್ಯಾನ್ಲಿ ಮಾರಿಸನ್ನರ ಸಲಹೆಯಂತೆ ಅದನ್ನು ಯಂತ್ರದ ಅಚ್ಚಿಗೆ ತಂದಿತು. ‘ಓಲ್ಡ್ ಸ್ಟೈಲ್ ಸೆರಿಫ್’ ಎನ್ನುವ ಪಂಗಡದ ಲಕ್ಷಣಗಳೆಲ್ಲ ಇಲ್ಲಿವೆ: ದಪ್ಪ-ತೆಳು ಗೆರೆಗಳ ನಡುವೆ ಹೆಚ್ಚು ಅಂತರವಿಲ್ಲ, ದುಂಡು ಅಕ್ಷರಗಳ ಭಾರ ಓರೆಯಾಗಿ ಹಿಡಿದ ಲೇಖನಿಯಂತೆ ವಾಲುತ್ತದೆ, ಗೆರೆಗಳ ತುದಿಗೆ ಪುಟ್ಟ ಪಾದಗಳಿವೆ.

ಸೀಸದ ಅಚ್ಚಿನಲ್ಲಿ ಬೆಂಬೊ ಸೊಗಸಾಗಿತ್ತು. ಆದರೆ ಅದರ ಮೊದಲ ಡಿಜಿಟಲ್ ರೂಪ ಬಡಕಲಾಗಿತ್ತು. ಪುಟವೆಲ್ಲ ಮಾಸಿದಂತೆ ಕಾಣುತ್ತಿತ್ತು. ಕಾರಣ ಸರಳ. ಮಸಿ ಹಚ್ಚಿದ ಮೊಳೆ ಕಾಗದಕ್ಕೆ ಒತ್ತಿದಾಗ ಮಸಿ ಸ್ವಲ್ಪ ಹರಡಿ ಗೆರೆ ದಪ್ಪವಾಗುತ್ತದೆ. ಆಫ್‌ಸೆಟ್ ಮುದ್ರಣದಲ್ಲಿ ಆ ಒತ್ತು ಇಲ್ಲ. ಕಂಪ್ಯೂಟರಿಗೆ ಇಳಿದದ್ದು ಮೊಳೆಯ ಆಕಾರ. ಓದುಗ ಕಂಡಿದ್ದು ಮಸಿಯ ಗುರುತು. ಜೊತೆಗೆ, ಸೀಸದ ಕಾಲದಲ್ಲಿ ಸಣ್ಣ ಅಳತೆಗೆ ಬೇರೆ, ದೊಡ್ಡದಕ್ಕೆ ಬೇರೆ ನಕ್ಷೆ ಇರುತ್ತಿತ್ತು. ಡಿಜಿಟಲ್‌ನಲ್ಲಿ ಒಂದೇ ನಕ್ಷೆಯನ್ನು ಎಲ್ಲ ಅಳತೆಗೂ ಹಿಗ್ಗಿಸಿದರು, ಕುಗ್ಗಿಸಿದರು.

ಅನುವಾದ ಮಾಡಿದವರಿಗೆ ಈ ತೊಂದರೆ ಪರಿಚಿತ. ಪದಕ್ಕೆ ಪದ ಇಟ್ಟರೂ ಮೂಲದ ದನಿ ಬಾರದೆ ಹೋಗುವುದುಂಟು. 2005ರಲ್ಲಿ ಮಾನೊಟೈಪಿನ ರಾಬಿನ್ ನಿಕೊಲಸ್ ಅವರ ನೇತೃತ್ವದಲ್ಲಿ ಬಂದ ‘ಬೆಂಬೊ ಬುಕ್’ ಈ ದನಿಯನ್ನು ಹುಡುಕಿತು. ಅಕ್ಷರಕ್ಕೆ ಮೈ ತುಂಬಿದೆ, ಸಾಲುಗಳಿಗೆ ಹದವಾದ ಕಪ್ಪು ಬಂದಿದೆ. ನಮ್ಮ ಅಭಿಪ್ರಾಯದಲ್ಲಿ ಇದು ಮೊದಲನೆಯದಕ್ಕಿಂತ ಹೆಚ್ಚು ನಿಷ್ಠ.

ಎರಡು ಕೊರತೆ ಹೇಳಲೇಬೇಕು. ಅಡಿಟಿಪ್ಪಣಿಗೂ ಮುಖ್ಯ ಪಠ್ಯಕ್ಕೂ ಇಲ್ಲಿಯೂ ಒಂದೇ ನಕ್ಷೆ. ಇನ್ನೊಂದು, ‘ದೆ ಏಟ್ನಾ’ದಲ್ಲಿ ಕೆಲವು ಅಕ್ಷರಗಳಿಗೆ ಒಂದಕ್ಕಿಂತ ಹೆಚ್ಚು ರೂಪಗಳಿದ್ದವು, ಕೈಬರಹದಲ್ಲಿ ಇರುವ ಹಾಗೆ. 1929ರಲ್ಲೇ ಅವುಗಳನ್ನು ತಿದ್ದಿ ಸಮ ಮಾಡಲಾಯಿತು. ಹಲವು ರೂಪಗಳನ್ನು ಸಲೀಸಾಗಿ ಇಟ್ಟುಕೊಳ್ಳಬಲ್ಲ ಡಿಜಿಟಲ್ ಫಾಂಟಿನಲ್ಲೂ ಆ ಸಿರಿ ಮರಳಲಿಲ್ಲ ಎಂಬುದು ನಮ್ಮ ತಕರಾರು.

ಕನ್ನಡಕ್ಕೂ ಇದರಲ್ಲಿ ಪಾಠವಿದೆ. ನಮ್ಮ ಲಿಪಿಯೂ ಮೊಳೆಯಿಂದ ಕಂಪ್ಯೂಟರಿಗೆ ಬಂದದ್ದೇ. ಅಳತೆ ಕುಗ್ಗಿಸಿದಾಗ ಮೊದಲು ನರಳುವುದು ಒತ್ತಕ್ಷರಗಳು. ‘ರಾಷ್ಟ್ರ’ದಂಥ ಪದ ಅಡಿಟಿಪ್ಪಣಿಯಲ್ಲಿ ಒಂದು ಕಲೆಯಾಗಿ ಉಳಿಯುತ್ತದೆ. ಪರದೆಯ ಮೇಲೆ ಹಿಗ್ಗಿಸಿ ನೋಡುವಾಗ ಇದು ತಿಳಿಯದು. ಹೊರನಾಡಿನಲ್ಲಿ ಕುಳಿತು ಕನ್ನಡ ಪುಸ್ತಕ ತರುವ ನಮ್ಮಂಥ ಬಳಗಗಳು ಫಾಂಟ್ ಆರಿಸುವ ಮುನ್ನ ಒಂದು ಪುಟವನ್ನು ಅದೇ ಅಳತೆಯಲ್ಲಿ, ಅದೇ ಕಾಗದದ ಮೇಲೆ ಮುದ್ರಿಸಿ, ಕನ್ನಡಕದ ಹಿರಿಯರೊಬ್ಬರ ಕೈಗೆ ಕೊಟ್ಟು ಓದಿಸಲಿ. ಅವರು ಒಪ್ಪಿದರೆ ಅಚ್ಚಿಗೆ ಕಳಿಸೋಣ.