ಹನ್ನೆರಡು ಮಿಲಿಮೀಟರ್ ಪ್ಲೇಟು

ಮಲೆನಾಡಿನಲ್ಲಿ ಯಾರದಾದರೂ ಹಳೇ ಜೀಪಿಗೆ ಬೇರೆ ಎಂಜಿನ್ ಕೂರಿಸಿದ್ದಾರೆಂದು ಗೊತ್ತಾದರೆ, ನೋಡಲು ಬಂದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಎಷ್ಟು ಸಿಸಿ, ಲೀಟರಿಗೆ ಎಷ್ಟು ಕೊಡುತ್ತೆ, ಘಾಟಿಯಲ್ಲಿ ಎಳೆಯುತ್ತಾ? ಎಂಜಿನ್ನಿಗೆ ಸಲ್ಲುವ ಹೊಗಳಿಕೆಯೆಲ್ಲ ಸಂದು ಬಾನೆಟ್ ಮುಚ್ಚುತ್ತದೆ. ಆದರೆ ಎಂಜಿನ್ ಮಾಡಿದ್ದು ಕಾರ್ಖಾನೆ. ಗ್ಯಾರೇಜಿನವರ ಕೆಲಸ ಇರುವುದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತ ಪ್ಲೇಟಿನಲ್ಲಿ, ಚಾಸಿಗೆ ವೆಲ್ಡ್ ಮಾಡಿದ ಮೌಂಟಿಂಗಿನಲ್ಲಿ, ಕತ್ತರಿಸಿ ಮತ್ತೆ ಕೂಡಿಸಿದ ಪ್ರೊಪೆಲ್ಲರ್ ಶಾಫ್ಟಿನಲ್ಲಿ. ತೂಗಿ ನೋಡಬೇಕಾದ್ದು ಇವನ್ನೇ.

ಬದಲಾಯಿಸುವ ಕಾರಣದ ಬಗ್ಗೆ ನನಗೆ ತಕರಾರಿಲ್ಲ. ಮಹೀಂದ್ರದ ಹಳೇ ಸಿಜೆ-3ಬಿ ಜೀಪಿನಲ್ಲಿದ್ದದ್ದು 2199 ಸಿಸಿಯ ಪೆಟ್ರೋಲ್ ಹರಿಕೇನ್ ಎಂಜಿನ್. ಒಂದು ವಾಲ್ವ್ ತಲೆಯ ಮೇಲೆ, ಇನ್ನೊಂದು ಪಕ್ಕದ ಬ್ಲಾಕಿನಲ್ಲಿ. ನುಣುಪಾಗಿ ಓಡುತ್ತದೆ, ಪೆಟ್ರೋಲನ್ನು ಮಾತ್ರ ನೀರಿನಂತೆ ಕುಡಿಯುತ್ತದೆ. ಮೆಣಸಿನ ಮೂಟೆ, ಕಾಫಿ ಚೀಲ ಹೊರುವ ತೋಟದ ಗಾಡಿಗೆ ಡೀಸೆಲ್ ಬೇಕೆನಿಸುವುದು ಸಹಜ. ಕಂಪನಿಯೇ ಎಂಎಂ540ಯಲ್ಲಿ ಪ್ಯೂಜೋದ 2112 ಸಿಸಿ ಡೀಸೆಲ್ ಎಂಜಿನ್ ಇಟ್ಟಿತ್ತು. ಆಮೇಲೆ ಬಂದ 2523 ಸಿಸಿಯ ಡಿಐ ಎಂಜಿನ್ ಟ್ರಾಕ್ಟರ್ ವಂಶದ್ದು. ಅದರ ಬೋರ್ 88.9, ಸ್ಟ್ರೋಕ್ 101.6 ಮಿಲಿಮೀಟರ್, ಅಂದರೆ ಸರಿಯಾಗಿ ಮೂರೂವರೆ ಇಂಚು, ನಾಲ್ಕು ಇಂಚು. ಗುಜರಿಯಲ್ಲಿ ಸಿಗುವ, ಎಲ್ಲಿ ಬೇಕಾದರೂ ರಿಪೇರಿಯಾಗುವ ಎಂಜಿನ್ ಇದು. ಆಯ್ಕೆ ಸರಿಯಾಗಿಯೇ ಇದೆ.

ತಪ್ಪುವುದು ಆಮೇಲೆ. ಹೊಸ ಎಂಜಿನ್ನಿನ ಬೋಲ್ಟ್ ತೂತುಗಳು ಹಳೇ ಗೇರ್‌ಬಾಕ್ಸ್ ಹೌಸಿಂಗಿಗೆ ಕೂಡುವುದಿಲ್ಲ. ಆಗ ನಡುವೆ ಒಂದು ಪ್ಲೇಟ್ ಹಾಕುತ್ತಾರೆ, ಸಾಮಾನ್ಯವಾಗಿ ಹನ್ನೆರಡು ಮಿಲಿಮೀಟರ್ ದಪ್ಪದ ಕಬ್ಬಿಣದ್ದು. ರಟ್ಟಿನ ಮೇಲೆ ಅಚ್ಚು ತೆಗೆದು, ಗ್ಯಾಸ್ ಕಟ್ಟರಿನಲ್ಲಿ ಕತ್ತರಿಸಿ, ತೂತು ಹೊಡೆದು ಬಿಗಿದರೆ ಆಯಿತೆಂಬ ನಂಬಿಕೆ ಬಹಳ ಕಡೆ ಇದೆ. ಗ್ಯಾಸಿನ ಬಿಸಿಗೆ ಪ್ಲೇಟು ಸೊಟ್ಟಗಾಗುತ್ತದೆ. ಎರಡೂ ಮುಖ ಮೆಷಿನ್ ಮಾಡದೆ ಅದನ್ನು ಬಳಸಬಾರದು. ಬೋಲ್ಟುಗಳು ಬಿಗಿಯುತ್ತವಷ್ಟೇ, ಕೇಂದ್ರ ಹಿಡಿದುಕೊಳ್ಳುವುದಿಲ್ಲ. ಅದಕ್ಕೆ ಡೋವೆಲ್ ಪಿನ್ ಬೇಕು. ಪಿನ್ ಎಲ್ಲಿ ಬರಬೇಕೆಂದು ಹೇಳುವುದು ಡಯಲ್ ಗೇಜ್.

ಈ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಫ್ಲೈವೀಲಿಗೆ ಗೇಜನ್ನು ಕಚ್ಚಿಸಿ, ಅದರ ಮುಳ್ಳನ್ನು ಹೌಸಿಂಗಿನ ಒಳಸುತ್ತಿಗೆ ತಾಗಿಸಿ, ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಾರೆ. ಮುಳ್ಳು ಒಟ್ಟು ಅಲುಗಾಡುವುದು ಇಂಚಿನ ಸಾವಿರದಲ್ಲಿ ಐದು ಭಾಗದೊಳಗೆ ಇರಬೇಕೆಂಬುದು ಸಾಮಾನ್ಯ ಲೆಕ್ಕ. ಹೆಚ್ಚಾದರೆ ಪ್ಲೇಟನ್ನು ಕೂದಲೆಳೆಯಷ್ಟು ತಟ್ಟಿ ಸರಿಸಿ ಮತ್ತೆ ಸುತ್ತು, ಮತ್ತೆ ನೋಟ. ಕೇಂದ್ರ ಕೂತ ಮೇಲೆ ಡೋವೆಲ್ ತೂತು. ಅರ್ಧ ದಿನ ಹಿಡಿಯುವ, ಗಿರಾಕಿಗೆ ತೋರಿಸಲು ಏನೂ ಉಳಿಯದ ಕೆಲಸ. ಬಿಲ್ಲಿನಲ್ಲಿ ಅದಕ್ಕೊಂದು ಸಾಲೂ ಇರುವುದಿಲ್ಲ. ಹಾಗಾಗಿ ಮಾಡುವವರೂ ಕಮ್ಮಿ. ಮಾಡದಿದ್ದರೆ ಸ್ವಲ್ಪ ದಿನದಲ್ಲೇ ಗೇರ್‌ಬಾಕ್ಸ್ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಕಿರುಚತೊಡಗುತ್ತದೆ, ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ, ಇಳಿಜಾರಿನಲ್ಲಿ ಗೇರ್ ತಾನಾಗಿ ಜಾರುತ್ತದೆ. ಆಗ ಬೈಗುಳ ತಿನ್ನುವುದು ಗೇರ್‌ಬಾಕ್ಸ್!

ಪ್ಲೇಟಿನ ದಪ್ಪಕ್ಕೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಹನ್ನೆರಡು ಮಿಲಿಮೀಟರ್ ಪ್ಲೇಟು ಬಂದರೆ ಗೇರ್‌ಬಾಕ್ಸಿನ ಶಾಫ್ಟ್ ತುದಿ ಪೈಲಟ್ ಬೇರಿಂಗಿನಿಂದ ಅಷ್ಟೇ ಹಿಂದಕ್ಕೆ ಹೋಗುತ್ತದೆ. ಉದ್ದನೆಯ ಬುಷ್ ಲೇತಿನಲ್ಲಿ ಕಡೆಸಬೇಕು, ಕ್ಲಚ್ ಪ್ಲೇಟಿನ ಹಲ್ಲುಗಳು ಶಾಫ್ಟಿನ ಮೇಲೆ ಪೂರ್ತಿ ಕೂರುತ್ತವೆಯೇ ನೋಡಬೇಕು, ರಿಲೀಸ್ ಬೇರಿಂಗ್ ಎಟಕುತ್ತದೆಯೇ ನೋಡಬೇಕು. ಹಿಂದೆ ಜಾಗವೂ ಇಲ್ಲ: ಸಿಜೆ-3ಬಿಯಲ್ಲಿ ಎರಡು ಆಕ್ಸಲ್ ನಡುವೆ ಇರುವುದೇ ಎಂಬತ್ತು ಇಂಚು. ಮೊದಲೇ ಗಿಡ್ಡವಾದ ಹಿಂದಿನ ಶಾಫ್ಟನ್ನು ಇನ್ನೂ ಕತ್ತರಿಸಿದರೆ ಅದರ ತುದಿಯ ಕ್ರಾಸ್‌ಗಳ ಕೋನ ಏರುತ್ತದೆ, ಕ್ರಾಸ್ ಪದೇಪದೇ ಹೋಗುತ್ತದೆ.

ಮೌಂಟಿಂಗಿನ ಕತೆ ಬೇರೆ. ನಮ್ಮವರ ವೆಲ್ಡಿಂಗಿನ ಬಗ್ಗೆ ನನಗೆ ನಿಜವಾದ ಗೌರವವಿದೆ. ಅಂದ ಇರಲಿಕ್ಕಿಲ್ಲ, ಬಿಡುವುದೂ ಇಲ್ಲ. ಆದರೆ ದಪ್ಪವೇ ಭದ್ರತೆ ಎಂದುಕೊಂಡು ನಾಲ್ಕು ಮೂಲೆಗೂ ಕಬ್ಬಿಣ ಬಿಗಿದರೆ ಎಂಜಿನ್ನೇ ಚಾಸಿಯ ಭಾಗವಾಗಿಬಿಡುತ್ತದೆ. ಕೊಡಚಾದ್ರಿಯ ದಾರಿಯಂಥ ಕಡೆ ಒಂದು ಚಕ್ರ ಕಲ್ಲಿನ ಮೇಲೆ, ಇನ್ನೊಂದು ಕೊರಕಲಿನಲ್ಲಿ, ಚಾಸಿ ತಿರುಚಿಕೊಳ್ಳಲೇಬೇಕು. ಆ ತಿರುಚನ್ನೆಲ್ಲ ಹೊರುವುದು ಎರಕದ ಹೌಸಿಂಗಿನ ಕಿವಿ, ಬಿರುಕು ಬಿಡುವುದೂ ಅದೇ. ಮೂಲ ವಿಲ್ಲಿಸ್ ಜೀಪ್ ಮಾಡಿದವರು ಮುಂದೆ ಎರಡು, ಗೇರ್‌ಬಾಕ್ಸಿನ ಅಡಿ ಒಂದು, ಹೀಗೆ ಮೂರೇ ಕಡೆ ರಬ್ಬರ್ ಮೇಲೆ ಕೂರಿಸಿದ್ದರು. ಹಳೇ ನಕ್ಷೆಯ ಈ ಬುದ್ಧಿಯನ್ನು ಬಿಟ್ಟುಕೊಡಲು ಕಾರಣವೇ ಇಲ್ಲ.

ಕಾನೂನಿನ ಮಾತು ಎತ್ತಿದರೆ ಗ್ಯಾರೇಜಿನಲ್ಲಿ ನಗುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಹೇಳಿದ್ದಕ್ಕಿಂತ ಭಿನ್ನವಾಗುವಂತೆ ಗಾಡಿ ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಬಿಗಿಯಾಗಿ ಹೇಳಿತು. ಸುರಕ್ಷತೆಯ ದೃಷ್ಟಿಯಿಂದ ಒಪ್ಪಬಹುದಾದ ಮಾತೇ. ಆದರೆ ಗೇಜ್ ಹಿಡಿದು ಮಾಡಿದ ಕೆಲಸವೂ ರಟ್ಟಿನ ಅಚ್ಚಿನ ಕೆಲಸವೂ ಒಂದೇ ಸಾಲಿನಲ್ಲಿ ಕದ್ದುಮುಚ್ಚಿ ನಿಲ್ಲುತ್ತವೆ. ಒಳ್ಳೆಯ ಫಿಟ್ಟರಿಗೆ ತನ್ನ ಕೆಲಸವನ್ನು ಇನ್ಸ್‌ಪೆಕ್ಟರಿಗೆ ತೋರಿಸಿ ಪಾಸು ಮಾಡಿಸಿಕೊಳ್ಳುವ ದಾರಿಯಿಲ್ಲ.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡುವುದು ಕಾಗದದ ಕೊರತೆ. ಪ್ಲೇಟಿನ ಅಳತೆ, ಬುಷ್‌ನ ಉದ್ದ, ಯಾವ ಗಾಡಿಯ ಕ್ಲಚ್ ಪ್ಲೇಟ್, ಯಾವ ರೇಡಿಯೇಟರ್ ಹೋಸ್, ಎಲ್ಲ ಮಾಡಿದವನ ತಲೆಯಲ್ಲಿ. ಅವನು ಊರು ಬಿಟ್ಟರೆ ಮುಂದಿನ ಮೆಕ್ಯಾನಿಕ್ ಹೌಸಿಂಗ್ ಇಳಿಸಿ ಮೊದಲಿಂದ ಅಳೆಯಬೇಕು. ಒಂದು ನೋಟ್‌ಬುಕ್ ಹಾಳೆಯಲ್ಲಿ ಪೆನ್ಸಿಲ್ ಚಿತ್ರ ಬರೆದು ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಇಟ್ಟರೂ ಸಾಕು. ಗಾಡಿ ತೆಗೆದುಕೊಳ್ಳುವಾಗ ಇದನ್ನು ಕೇಳಿ ಪಡೆಯಬೇಕಾದವನು ಮಾಲೀಕ. ಅವನು ಕೇಳುವುದು ಮೈಲೇಜನ್ನು ಮಾತ್ರ.